ಸರ್ವೇಯರ್ ಯಾರ ಪರ ಇರ್ಬೇಕು ಅಂತ ಕೇಳಿದೀರಿ, ಮೊದಲು ಮಾಲು ಎಣಿಸಿದೀರಾ?

ವಿಮೆ ಕ್ಲೇಮಲ್ಲಿ ನಷ್ಟ ಅಳೆಯೋ ಸರ್ವೇಯರ್ ಆಗಿ ಹೊಸ ಲೈಸೆನ್ಸು, ಮೊದಲ್ನೇ ಸ್ಟಾಕ್ ಕ್ಲೇಮು, ಕಿರಾಣಿ ಗೋಡೌನ್ ಬೆಂಕಿ. ಕಂಪನಿ ಆಫೀಸರ್ ಫೋನ್ ಮಾಡಿ ಸ್ವಲ್ಪ ಕಡಿಮೆ ಮಾಡಿ ಅಂತಾರೆ, ಮಾಲೀಕರು ನಮ್ಮ ಕಡೆನೂ ನೋಡಿ ಸರ್ ಅಂತಾರೆ, ನಾನು ಯಾರ ಪರ ಇರ್ಲಿ ಅಂತ ನಿಮ್ಮ ಪ್ರಶ್ನೆ. ನಾನೂ ಶುರುವಿನಲ್ಲಿ ಇದೇ ಗೊಂದಲದಲ್ಲಿದ್ದೆ, ಅದಕ್ಕೇ ಬರೀತಿದೀನಿ.

2019ರ ಆಗಸ್ಟ್, ಘಟಪ್ರಭೆ ನೀರು ಗೋಕಾಕ ಪೇಟೆಗೆ ನುಗ್ಗಿದ್ದು ನಿಮಗೆ ನೆನಪಿರಬಹುದು. ಅಲ್ಲಿ ಒಂದು ಬಟ್ಟೆ ಅಂಗಡಿ ನನಗೆ ಅಲಾಟ್ ಆಗಿತ್ತು. ಫೈರ್ ಪಾಲಿಸಿನೇ, ಅದ್ರಲ್ಲಿ ಪ್ರವಾಹನೂ ಸೇರಿತ್ತು. ನಾನು ಹೋದಾಗ ನೀರು ಇಳಿದಿತ್ತು, ಗೋಡೆ ಮೇಲೆ ಎದೆಮಟ್ಟಕ್ಕೆ ಕೆಸರಿನ ಗೆರೆ, ಗೆರೆ ಕೆಳಗಿನ ಖಾನೆಗಳಲ್ಲಿ ಇಳಕಲ್ ಸೀರೆಗಳು ಪ್ಲಾಸ್ಟಿಕ್ ಕವರ್ ಒಳಗೇ ನೀರು ತುಂಬ್ಕೊಂಡು, ಸೆರಗಿನ ಕೆಂಪು ಒಡಲಿಗೆಲ್ಲಾ ಇಳಿದು ಒಂದಕ್ಕೊಂದು ಅಂಟ್ಕೊಂಡಿದ್ವು. ಗೆರೆ ಮೇಲಿನ ಮಾಲು ಒಣಗೇ ಇತ್ತು. ವಾಸನೆಗೆ ಒಳಗೆ ನಿಲ್ಲೋಕಾಗ್ತಿರ್ಲಿಲ್ಲ. ಮಾಲೀಕರು "ಸಾಹೇಬ್ರ, ಇದನ್ನ ತಗದ್ ಹಾಕ್ಲೇನ್ರಿ, ಮಂದಿ ಒಳಗ್ ಬರವಲ್ರು" ಅಂದ್ರು. ನಾನು ಮೊಬೈಲಲ್ಲಿ ಫೋಟೋ ಹೊಡ್ಕೊಂಡು "ತಗೀರಿ ಮಾಲಕ್ರ, ಲೆಕ್ಕ ಆಮ್ಯಾಲೆ ಮಾಡೋಣು" ಅಂದೆ.

ನಾನು ಮಾಡಿದ ತಪ್ಪು ಆ ಒಂದು ಮಾತು. ಸ್ವಚ್ಛ ಮಾಡಿ ಅಂದಿದ್ದು ತಪ್ಪಲ್ಲ, ನಷ್ಟ ಇನ್ನೂ ಬೆಳೀದಂತೆ ನೋಡ್ಕೊಳ್ಳೋದು ಪಾಲಿಸಿದಾರರ ಕರ್ತವ್ಯ, ಹೇಗೆ ಅಂತ ಹೇಳಿಕೊಡೋದು ನಮ್ಮ ಕರ್ತವ್ಯ. ಆದ್ರೆ ಎಣಿಸಿ, ಪಟ್ಟಿ ಬರೆದು, ಇಬ್ರೂ ಸೈನ್ ಹಾಕಿದ ಮೇಲೆ ಹೇಳ್ಬೇಕಿತ್ತು. ನೆನೆದ ಮಾಲು ಟ್ರ್ಯಾಕ್ಟರಲ್ಲಿ ಹೋಯ್ತು. ಒಣಗಿದ್ದನ್ನ ಅವ್ರು ಬೀಗರ ಮನೆಗೆ ಸಾಗಿಸಿ ಆಮೇಲೆ ದೀಪಾವಳಿಗೆ ಹೊಸ ಮಾಲಿನ ಜೊತೆ ಸೇರಿಸಿ ಮಾರಿದ್ರು. ನೆನೆದಿದ್ದು ಹೋಗಿದ್ದಕ್ಕಿಂತ ಈ ಒಣಗಿದ್ದು ಎಣಿಸದೇ ಹೋಗಿದ್ದೇ ಮುಳುವಾಯ್ತು, ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಹೊಸಬರು ಹಾಳಾಗಿದ್ದನ್ನ ಮಾತ್ರ ನೋಡ್ತಾರೆ.

ಸಮ್ ಇನ್ಶೂರ್ಡ್, ಅಂದ್ರೆ ವಿಮೆ ಮಾಡಿಸಿದ ಮೊತ್ತ, 12 ಲಕ್ಷ. ಅಂಗಡಿಯಲ್ಲಿ ನಿಜವಾಗಿ ಇದ್ದದ್ದು ಹೆಚ್ಚುಕಮ್ಮಿ ಅಷ್ಟೇ ಅಂತ ಅವ್ರ ಮಾತು, ನನ್ನ ಕಣ್ಣಿಗೂ ಹಾಗೇ ಕಂಡಿತ್ತು. ಆದ್ರೆ ಸಿಸಿ ಲಿಮಿಟ್ (ಮಾಲು ತೋರಿಸಿ ಪಡೆಯೋ ಬ್ಯಾಂಕ್ ಸಾಲದ ಮಿತಿ) ಉಳೀಲಿ ಅಂತ ಬ್ಯಾಂಕಿಗೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟಲ್ಲಿ 20 ಲಕ್ಷ ಬರೆದಿದ್ರು, ಇದನ್ನ ಎಷ್ಟೋ ವ್ಯಾಪಾರಸ್ಥರು ಮಾಡ್ತಾರೆ. ಅಂಗಡಿ ಪುಸ್ತಕ, ಕಂಪ್ಯೂಟರ್ ಎಲ್ಲಾ ನೀರಲ್ಲಿ ಹೋಗಿತ್ತು. ಜಿಎಸ್‌ಟಿ ರಿಟರ್ನ್ ಇಟ್ಕೊಂಡು ಓಪನಿಂಗ್ ಸ್ಟಾಕಿಗೆ (ಶುರುವಿನಲ್ಲಿದ್ದ ಮಾಲಿಗೆ) ಖರೀದಿ ಸೇರಿಸಿ, ಮಾರಾಟದ ಅಸಲು ಕಳೆದು ಒಂದು ಲೆಕ್ಕ ತೆಗೆದೆ, ಆದ್ರೆ ಓಪನಿಂಗ್ ಸ್ಟಾಕಿಗೇ ಆಧಾರ ಇರ್ಲಿಲ್ಲ. ಸೈನ್ ಇರೋ ಕಾಗದ ಅಂತ ಉಳಿದದ್ದು ಬ್ಯಾಂಕಿನದ್ದೊಂದೇ. 20 ಲಕ್ಷದ ಮಾಲಿಗೆ 12 ಲಕ್ಷದ ವಿಮೆ ಅಂದ್ರೆ ಆವರೇಜ್ ಕ್ಲಾಸ್ (ಮಾಲಿನ ಎಷ್ಟು ಪಾಲಿಗೆ ವಿಮೆ ಇದೆಯೋ ನಷ್ಟದಲ್ಲೂ ಅಷ್ಟೇ ಪಾಲು ಕೊಡೋ ಷರತ್ತು) ಪ್ರಕಾರ ನಷ್ಟದ ನೂರಕ್ಕೆ 60 ಮಾತ್ರ. 5 ಲಕ್ಷದ ನಷ್ಟ 3 ಲಕ್ಷಕ್ಕೆ ಇಳೀತು, ಅದ್ರಲ್ಲಿ ನೈಸರ್ಗಿಕ ವಿಕೋಪಕ್ಕೆ ಇರೋ 5% ಎಕ್ಸೆಸ್ (ಪಾಲಿಸಿದಾರರೇ ಹೊರಬೇಕಾದ ಪಾಲು) ಬೇರೆ ಕಳೀಬೇಕು. ಮೇಲಿನ ಖಾನೆಗಳ ಪಟ್ಟಿ ನನ್ನ ಕೈಯಲ್ಲಿದ್ದಿದ್ರೆ ಒಟ್ಟು ಮಾಲು ಎಷ್ಟಿತ್ತು ಅಂತ ನಾನೇ ತೋರಿಸ್ಬಹುದಿತ್ತು, ಈ ಕತ್ತರಿ ಬೀಳ್ತಾನೇ ಇರ್ಲಿಲ್ಲ. ಆ ಮನುಷ್ಯ ಹೆಚ್ಚು ಕೇಳಿರ್ಲಿಲ್ಲ, ಅವ್ರಿಗೆ ಬರಬೇಕಾದ ದುಡ್ಡು ನನ್ನಿಂದ ನಿಂತೋಯ್ತು.

ಅವ್ರು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದ್ರು. ಅವ್ರ ವಕೀಲರು ನನಗೆ ಬರವಣಿಗೆಯಲ್ಲಿ ಪ್ರಶ್ನೆ ಕಳಿಸಿದ್ರು: ಹೋದ ದಿನ ಎಷ್ಟು ಸೀರೆ ಎಣಿಸಿದ್ರಿ, ಪಟ್ಟಿ ಎಲ್ಲಿ, ಅದ್ರ ಮೇಲೆ ಯಾರ ಸಹಿ ಇದೆ. ಮೂರಕ್ಕೂ ನನ್ನ ಹತ್ರ ಉತ್ತರ ಇರ್ಲಿಲ್ಲ. ರಿಪೋರ್ಟು ಅಲ್ಲಿಗೇ ಬಿತ್ತು. ಅವ್ರಿಗೆ ಇನ್ನಷ್ಟು ದುಡ್ಡು ಬಂತು ನಿಜ, ಆದ್ರೆ ಬರೋ ಹೊತ್ತಿಗೆ ಕೈಗಡದ ಬಡ್ಡಿ ಕಟ್ಟಿ ಸೋತಿದ್ರು. ಆ ವಿಮಾ ಕಂಪನಿಯ ಡಿವಿಜನ್ ಆಫೀಸಿಂದ ನನಗೂ ಬಹಳ ಕಾಲ ಕೆಲಸ ಬರ್ಲಿಲ್ಲ.

ಅದಕ್ಕೇ ನಿಮ್ಮ ಪ್ರಶ್ನೆನೇ ಸರಿ ಇಲ್ಲ ಅನ್ನೋದು. ಫೀಸು ಕಂಪನಿ ಕೊಡ್ಲಿ, ಲೈಸೆನ್ಸ್ ಕೊಟ್ಟಿದ್ದು ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ, ಇನ್ಶೂರೆನ್ಸ್ ಆಕ್ಟ್ 1938ರ ಸೆಕ್ಷನ್ 64ಯುಎಂ ನಮ್ಮನ್ನ ಅಲ್ಲಿ ನಿಲ್ಲಿಸಿರೋದೇ ಇಬ್ಬರಲ್ಲಿ ಯಾರಿಗೂ ಸೇರದವರು ನಷ್ಟ ಅಳೀಲಿ ಅಂತ. ಆಫೀಸರ್ ಕಡಿಮೆ ಮಾಡಿ ಅಂದ್ರೆ ನಾನು ಈಗ ಹೇಳೋದು ಇಷ್ಟೇ: ಸರ್, ಯಾವ ಐಟಂ, ಯಾವ ಕಾರಣಕ್ಕೆ ಅಂತ ಒಂದು ಮೇಲ್ ಹಾಕಿ, ಪರಿಶೀಲಿಸ್ತೀನಿ. ಮೇಲ್ ಬಂದ್ರೆ ಎಷ್ಟೋ ಸಲ ಅದ್ರಲ್ಲಿ ಹುರುಳೂ ಇರತ್ತೆ, ಆಗ ತಿದ್ದೋಕೆ ಸಂಕೋಚ ಬೇಡ. ನಮ್ಮ ರಿಪೋರ್ಟಿಗಿಂತ ಬೇರೆ ಮೊತ್ತ ಕೊಡೋ ಅಧಿಕಾರ ಕಂಪನಿಗೆ ಕಾನೂನೇ ಕೊಟ್ಟಿದೆ, ಆ ಕಾರಣ ಅವ್ರೇ ಬರೀಲಿ, ನಮ್ಮ ಪೆನ್ನಿಂದ ಯಾಕೆ ಬರೆಸ್ಬೇಕು? ಸರ್ವೇ ರಿಪೋರ್ಟೇ ಕೊನೇ ಮಾತಲ್ಲ ಅಂತ 2009ರಲ್ಲಿ ಪ್ರದೀಪ್ ಕುಮಾರ್ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೇ ವರ್ಷ ಶ್ರೀ ವೆಂಕಟೇಶ್ವರ ಸಿಂಡಿಕೇಟ್ ಕೇಸಲ್ಲಿ, ಬೇಕಾದ ರಿಪೋರ್ಟ್ ಬರೋವರೆಗೂ ಸರಿಯಾದ ಕಾರಣ ಕೊಡದೆ ಒಬ್ಬರಾದ ಮೇಲೆ ಒಬ್ಬ ಸರ್ವೇಯರ್ ನೇಮಿಸೋ ಹಾಗಿಲ್ಲ ಅಂತನೂ ಹೇಳಿದೆ. ಎರಡನ್ನೂ ಓದ್ಕೊಳಿ, ಫೋನಲ್ಲಿ ಧೈರ್ಯ ಬರತ್ತೆ.

ಮಾಲೀಕರ ವಿಷಯ. ಚಹಾ ಕುಡೀರಿ, ಅವ್ರ ಕಾರಲ್ಲಿ ಮನೆಗೆ ಬರಬೇಡಿ. ನಿಮಗೆ ಇಷ್ಟು ಬರತ್ತೆ ಅಂತ ಬಾಯಲ್ಲಿ ಸಂಖ್ಯೆ ಹೇಳ್ಬೇಡಿ, ಮಾರೋ ರೇಟಲ್ಲಿ ಬಿಲ್ ಕೊಟ್ರೆ ವಿಮೆ ಇರೋದು ಕಳೆದಿದ್ದು ತುಂಬೋಕೆ, ಲಾಭಕ್ಕಲ್ಲ ಅಂತ ಮೊದಲ ದಿನವೇ ಹೇಳಿಬಿಡಿ. ಅವ್ರದ್ದು ಸೂಕ್ಷ್ಮ ಉದ್ಯಮ ಪಾಲಿಸಿ ಇದ್ರೆ 15%ವರೆಗಿನ ಕಡಿಮೆ ವಿಮೆನ ಲೆಕ್ಕಕ್ಕೆ ಹಿಡಿಯೋ ಹಾಗಿಲ್ಲ, ಅದನ್ನ ಅವ್ರು ಕೇಳದಿದ್ರೂ ನೀವೇ ಹೇಳ್ಬೇಕು.

ಗೋಡೌನ್ ಇನ್ನೂ ಖಾಲಿ ಮಾಡಿಲ್ಲ ಅಂದ್ರೆ ಈಗ್ಲೇ ಫೋನ್ ಮಾಡಿ ನಿಲ್ಲಿಸಿ. ಒಬ್ಬ ಹುಡುಗನ್ನ ಜೊತೆಗೆ ಕರ್ಕೊಂಡು ಹೋಗಿ, ಕಾರ್ಬನ್ ಇಟ್ಟ ಪುಸ್ತಕದಲ್ಲಿ ಸುಟ್ಟಿದ್ದು, ಅರ್ಧ ಸುಟ್ಟಿದ್ದು, ಚೆನ್ನಾಗಿರೋದು ಮೂರನ್ನೂ ಬೇರೆ ಬೇರೆ ಬರೀರಿ. ಎಣ್ಣೆ ಸುಟ್ರೂ ಡಬ್ಬಿ ತಗಡು ಉಳಿಯತ್ತೆ, ಎಣಿಸ್ಬಹುದು. ಅಕ್ಕಿ ಮೂಟೆ ಪೇರಿಸಿದ್ರೆ ಹೊರಗಷ್ಟೇ ಕರಕಲಾಗಿರತ್ತೆ, ಒಂದೆರಡು ಮೂಟೆ ಬಿಚ್ಚಿ ನೋಡಿ. ಪ್ರತಿ ಹಾಳೆಗೂ ಮಾಲೀಕರ ಸಹಿ ತಗೊಂಡು ಒಂದು ಕಾಪಿ ಅವ್ರ ಕೈಗೇ ಕೊಡಿ. ಐಆರ್‌ಡಿಎಐನ 2024ರ ಮಾಸ್ಟರ್ ಸರ್ಕ್ಯುಲರ್ ಆದ್ಮೇಲೆ ರಿಪೋರ್ಟಿಗೆ ಇರೋದೇ 15 ದಿನ, ಕಾಗದ ಪತ್ರ ಕೇಳೋದಿದ್ರೆ ಒಂದೇ ಸಲ ಪಟ್ಟಿ ಮಾಡಿ ಕೇಳಿ, ಬ್ಯಾಂಕಿಗೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟನ್ನೂ ಅದ್ರಲ್ಲೇ ಸೇರಿಸಿ.