ಮುಖ ಅಜ್ಜನದೇ, ಆದರೆ ಅಜ್ಜ ಅಲ್ಲ

ಪ್ರಶ್ನೆ: ವಿಜಯಪುರದಲ್ಲಿ ಜೋಳದ ಅಡತಿ ಅಂಗಡಿ ನಡೆಸುತ್ತಿದ್ದ ನಮ್ಮ ಅಜ್ಜ ತೀರಿಕೊಂಡ ಮೇಲೆ, ಪಾಸ್‌ಪೋರ್ಟ್ ಅಳತೆಯ ಫೋಟೊ ಕೊಟ್ಟು ಅವರ ತೈಲಚಿತ್ರ ಬರೆಸಿದೆವು. ಮೂಗು, ಮೀಸೆ, ರುಮಾಲು ಎಲ್ಲವೂ ಹೋಲುತ್ತವೆ. ಆದರೆ ನಮ್ಮ ಅಜ್ಜಿ ಅದನ್ನು ನೋಡಿ, ‘ಇವರು ಯಾರೋ ಸಾಹುಕಾರರು’ ಎಂದರು. ಚೀಲ ಬಿಚ್ಚಿದೊಡನೆ ಹಿಡಿ ಕಾಳನ್ನು ಅಂಗೈಯಲ್ಲಿ ಉಜ್ಜಿ, ಊದಿ, ತಲೆ ತುಸು ಓರೆ ಮಾಡಿ ನೋಡುತ್ತಿದ್ದವರು ನಮ್ಮಜ್ಜ. ಗಂಭೀರವಾಗಿ ಕುಳಿತ ಭಾವಚಿತ್ರದಲ್ಲಿ ಸ್ವಭಾವ ಮೂಡಿಸಲು ಸಾಧ್ಯವೇ? ಚಿತ್ರದ ಪ್ರತಿಯನ್ನು ಕಳಿಸಿದ್ದೇನೆ.

ಉತ್ತರ: ಖಂಡಿತ ಸಾಧ್ಯ. ನಿಮ್ಮ ಅಜ್ಜಿಯ ಕಣ್ಣು ಸರಿಯಾಗಿಯೇ ಗುರುತಿಸಿದೆ. ನೀವು ಕಳಿಸಿದ ಪ್ರತಿಯಲ್ಲಿ ಎರಡೂ ಕೈಗಳು ಕುರ್ಚಿಯ ತೋಳಿನ ಮೇಲೆ ಸುಮ್ಮನೆ ಬಿದ್ದಿವೆ, ಬೆರಳುಗಳು ನುಣುಪಾಗಿವೆ. ಪಾಸ್‌ಪೋರ್ಟ್ ಫೋಟೊದಲ್ಲಿ ಕೈಗಳೇ ಇಲ್ಲವಾದ್ದರಿಂದ ಕಲಾವಿದರು ಅವನ್ನು ಊಹಿಸಿಕೊಂಡಿದ್ದಾರೆ. ಮುಖಕ್ಕೂ ಅಂಥದೇ ನಷ್ಟವಾಗಿದೆ: ಎದುರಿನಿಂದ ನೇರವಾಗಿ ಬೀಳುವ ಫ್ಲ್ಯಾಶ್ ಬೆಳಕು ಕಣ್ಣಿನ ಗುಳಿ, ಕೆನ್ನೆಯ ಇಳಿಜಾರು, ತುಟಿಯ ಕೊನೆಯ ನೆರಳನ್ನೆಲ್ಲ ಅಳಿಸಿಬಿಡುತ್ತದೆ. ವರ್ಷಗಟ್ಟಲೆ ಮಾಡಿದ ಮುಖಭಾವ ಗೆರೆಯಾಗಿ ಉಳಿಯುವುದು ಆ ನೆರಳುಗಳಲ್ಲಿಯೇ. ಎದುರಿಗೆ ಕೂರಿಸಿಕೊಂಡು ಬರೆಯುವ ಕಲಾವಿದರಿಗೆ ಇದು ಸಿಗುತ್ತದೆ, ಏಕೆಂದರೆ ತಾಸುಗಟ್ಟಲೆ ಕುಳಿತವರು ಬಲವಂತದ ಗಾಂಭೀರ್ಯವನ್ನು ಹಿಡಿದಿಟ್ಟುಕೊಳ್ಳಲಾರರು; ದಣಿದ ದೇಹ ತನ್ನ ರೂಢಿಯ ಭಂಗಿಗೆ ತಾನೇ ಮರಳುತ್ತದೆ.

ನಿಮ್ಮ ಊರಿನ ದೊರೆಯೊಬ್ಬರ ಚಿತ್ರವನ್ನೇ ನೋಡಿ. 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲ್ ಶಾಹನನ್ನು ಫರ್ರೂಖ್ ಬೇಗ್ ತಂಬೂರಿ ನುಡಿಸುತ್ತಿರುವಂತೆ ಬರೆದಿದ್ದಾನೆ. ಆ ಚಿತ್ರ ಈಗ ಪ್ರಾಗ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಕೊರಳಲ್ಲಿ ರುದ್ರಾಕ್ಷಿಯ ಮಾಲೆಯಿದೆ. ಸರಸ್ವತಿ, ಗಣಪತಿಯರನ್ನು ಸ್ತುತಿಸುವ ಹಾಡುಗಳುಳ್ಳ ‘ಕಿತಾಬ್-ಎ-ನೌರಸ್’ ರಚಿಸಿದ ದೊರೆ ಎಂಥವನು ಎಂಬುದು ಆ ಮಾಲೆಯಿಂದ ಒಂದಿಷ್ಟು ತಿಳಿಯುತ್ತದೆ. ಆದರೆ ನನಗೆ ಮುಖ್ಯವಾಗಿ ಕಾಣುವುದು ವಾದ್ಯದ ಮೇಲಿನ ಕೈ. ಪಕ್ಕದಲ್ಲಿ ಇಟ್ಟ ವಸ್ತು ಅಂತಸ್ತನ್ನು ಹೇಳೀತು, ಬಳಸುತ್ತಿರುವ ವಸ್ತು ಮನುಷ್ಯನನ್ನೇ ಹೇಳುತ್ತದೆ. ಹಾಗೆಂದು ಕೈ ಕೆಲಸ ಮಾಡುತ್ತಲೇ ಇರಬೇಕೆಂದಿಲ್ಲ. ಸ್ಪೇನಿನ ವೆಲಾಸ್ಕೆಸ್ 1650ರಲ್ಲಿ ಬರೆದ ಪೋಪ್ ಹತ್ತನೆಯ ಇನ್ನೊಸೆಂಟ್‌ನ ಭಾವಚಿತ್ರದಲ್ಲಿ ಪೋಪ್ ಸಿಂಹಾಸನದಲ್ಲಿ ಸುಮ್ಮನೆ ಕುಳಿತಿದ್ದಾನೆ. ಆದರೂ ಬಿಗಿದ ತುಟಿ, ಓರೆಯಾಗಿ ನೆಟ್ಟ ನೋಟ ಎದುರಿನವರನ್ನು ಅಳೆಯುತ್ತವೆ.

ನಿಮ್ಮಜ್ಜನ ಸ್ವಭಾವವನ್ನು ನೀವೇ ಪತ್ರದಲ್ಲಿ ಬರೆದಿದ್ದೀರಿ: ಕಾಳು ಉಜ್ಜುವ ಅಂಗೈ, ಓರೆಯಾದ ತಲೆ. ಮದುವೆ ಮುಂಜಿಯ ಹಳೆಯ ಫೋಟೊಗಳಲ್ಲಿ ಪಕ್ಕದಿಂದ ಬೆಳಕು ಬಿದ್ದದ್ದು, ಕೈಗಳು ಕಾಣುವುದು ಸಿಕ್ಕರೆ ಆರಿಸಿಕೊಳ್ಳಿ. ಕುರ್ಚಿ, ರುಮಾಲು ಹಾಗೆಯೇ ಇರಲಿ. ತಲೆಯನ್ನು ತುಸು ವಾಲಿಸಿ, ಬಲಗೈಯನ್ನು ತೊಡೆಯ ಮೇಲೆ ಅಂಗೈ ಮೇಲಾಗಿ, ಬೆರಳು ತುಸು ಮಡಿಸಿದಂತೆ ಮತ್ತೆ ಬರೆಸಿ. ಕಲಾವಿದರು ಮೊದಲ ರೇಖೆ ಎಳೆಯುವ ದಿನ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿ. ಬಣ್ಣ ಒಣಗುವ ಮೊದಲೇ ಅವರು ‘ಹೀಗಲ್ಲ’ ಎನ್ನುವಂತಿರಲಿ.