ಅಪ್ಪನಿಗೆ ಸುಳ್ಳು ಹೇಳಿದ್ದೇನೆ, ಇತಿಹಾಸ ಓದಿದ್ದೇ ತಪ್ಪಾಯಿತೇ?

ಪ್ರಶ್ನೆ: ಮೇಡಂ, ನನಗೆ 27 ವರ್ಷ. ಊರು ಹೂವಿನಹಡಗಲಿ ತಾಲ್ಲೂಕಿನ ಒಂದು ಹಳ್ಳಿ. ಇತಿಹಾಸದಲ್ಲಿ ಎಂ.ಎ. ಮುಗಿದು ಮೂರು ವರ್ಷವಾಯಿತು. ಅಂದಿನಿಂದ ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಕೆಎಎಸ್‌ಗೆ ಓದುತ್ತಿದ್ದೇನೆ. ಅಪ್ಪ ಮಲ್ಲಿಗೆ ತೋಟದ ದುಡ್ಡಿನಲ್ಲೇ ತಿಂಗಳ ಖರ್ಚಿಗೆ ಕಳಿಸುತ್ತಾರೆ. ಪ್ರಿಲಿಮ್ಸ್ ಪಾಸಾಗಲಿಲ್ಲ. ಆದರೆ ಪಾಸಾಯಿತು, ಮೇನ್ಸ್‌ಗೆ ಓದುತ್ತಿದ್ದೇನೆ ಅಂತ ಅಪ್ಪನಿಗೆ ಹೇಳಿಬಿಟ್ಟೆ. ಅವರು ಊರಿಗೆಲ್ಲ ಹೇಳಿಕೊಂಡಿದ್ದಾರೆ. ತಂಗಿಗೆ ಗಂಡು ಗೊತ್ತಾಗಿದೆ, ಬೀಗರಿಗೂ ಅದೇ ಹೇಳಿದ್ದಾರೆ. ಎರಡು ವರ್ಷದಿಂದ ಮೈಲಾರದ ಜಾತ್ರೆಗೂ ಹೋಗಿಲ್ಲ. ಸಿಕ್ಕವರೆಲ್ಲ ‘ಏನ್ ಮಾಡಾಕತ್ತೀಯಪ್ಪಾ ಈಗ?’ ಅಂತಾರೆ. ಸೋದರಮಾವ ದಾವಣಗೆರೆಯ ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸ ಕೊಡಿಸುತ್ತೇನೆ ಅನ್ನುತ್ತಿದ್ದಾರೆ. ಅಲ್ಲಿಗೆ ಹೋದರೆ ಓದಿದ್ದೆಲ್ಲ ಹೊಳೆಗೆ ಹಾಕಿದ ಹಾಗೆ ಅನ್ನಿಸುತ್ತದೆ. ನಮ್ಮೂರ ಗುಡಿ ಹಿಂದಿನ ವೀರಗಲ್ಲಿನ ಫೋಟೊ ಇಟ್ಟಿದ್ದೇನೆ. ಅದರಲ್ಲಿ ‘ತುಱುವಂ ಮಗುಳ್ಚಿ’ ಅಂತಿದೆ, ದನ ಬಿಡಿಸಿಕೊಂಡು ಬಂದು ಸತ್ತವನ ಕಲ್ಲು ಅಂತ ಅಜ್ಜನಿಗೆ ಓದಿ ಹೇಳಿದ್ದೆ. ನಾನು ಓದಿದ್ದು ಮನೆಯಲ್ಲಿ ಯಾರಿಗಾದರೂ ಬೇಕಾಗಿದ್ದು ಆವತ್ತು ಒಂದೇ ದಿನ. ಇತಿಹಾಸ ಓದಿದ್ದೇ ತಪ್ಪಾಯಿತೇ?

ಉತ್ತರ: ತಮ್ಮಾ, ಮೂವತ್ತು ವರ್ಷ ಡಿಗ್ರಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವಳು ನಾನು. ನಿನ್ನ ಪತ್ರ ಓದಿ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಇದೇ ಪ್ರಶ್ನೆಯನ್ನು ನನ್ನ ಎಷ್ಟೋ ಹುಡುಗರು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದ್ದಾರೆ.

ಮೊದಲು ಅಪ್ಪನ ವಿಷಯ. ಬೀಗರು ತಾಂಬೂಲ ಬದಲಿಸುವ ಮೊದಲೇ ನಿಜ ಹೇಳು. ನಿನ್ನ ಮಾತನ್ನು ನಂಬಿ ಅಪ್ಪ ಇನ್ನೊಂದು ಮನೆಯವರಿಗೆ ಮಾತು ಕೊಟ್ಟಿದ್ದಾರೆ. ಮದುವೆಯಾದ ಮೇಲೆ ಗೊತ್ತಾದರೆ ಅತ್ತೆಮನೆಯಲ್ಲಿ ಮಾತು ಕೇಳಬೇಕಾದವಳು ನಿನ್ನ ತಂಗಿ. ಫೋನಿನಲ್ಲಿ ಹೇಳಬೇಡ. ಮನೆಯಲ್ಲಿ ಎಲ್ಲರ ಎದುರಿಗೂ ಬೇಡ. ಊರಿಗೆ ಹೋಗು, ಹೊತ್ತು ಮೂಡುವ ಮುಂಚೆ ಅಪ್ಪನ ಜೊತೆ ಮೊಗ್ಗು ಬಿಡಿಸಲು ತೋಟಕ್ಕೆ ಇಳಿ. ಕೈಗೆ ಕೆಲಸವಿದ್ದಾಗ, ಮುಖ ನೋಡಬೇಕಾದ ಪ್ರಮೇಯವಿಲ್ಲದಾಗ, ಇಂಥ ಮಾತು ಬಾಯಿಂದ ಹೊರಡುತ್ತದೆ. ‘ಅಪ್ಪಾ, ಪ್ರಿಲಿಮ್ಸ್ ಆಗಿಲ್ಲ, ಸುಳ್ಳು ಹೇಳಿದ್ದೆ’ ಅನ್ನು, ಅಷ್ಟೇ. ಕಾರಣ ಪೋಣಿಸಬೇಡ. ಅವರು ಬೈಯಬಹುದು, ಎರಡು ದಿನ ಮಾತು ಬಿಡಬಹುದು. ಬೀಗರ ಮನೆಗೆ ಹೋಗಿ ಹೇಳುವಾಗ ಅಪ್ಪನನ್ನು ಒಬ್ಬರನ್ನೇ ಕಳಿಸಬೇಡ, ನೀನೂ ಹೋಗು.

ಇನ್ನು ಇತಿಹಾಸ. ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಈ ಮೂರು ವರ್ಷದಲ್ಲಿ ನೀನು ಇತಿಹಾಸ ಓದಿದ್ದೀಯಾ? ನಾಲ್ಕು ಆಯ್ಕೆಯಲ್ಲಿ ಒಂದನ್ನು ಗುರುತಿಸುವ ಪ್ರಶ್ನೆಗಳನ್ನು ಬಾಯಿಪಾಠ ಮಾಡಿದ್ದೀಯ. ನೀನಿರುವ ಸಪ್ತಾಪುರದ ಪಕ್ಕದಲ್ಲೇ ಕರ್ನಾಟಕ ವಿಶ್ವವಿದ್ಯಾಲಯ. ಅಲ್ಲಿ 1939ರಲ್ಲಿ ಶುರುವಾದ ಕನ್ನಡ ಸಂಶೋಧನಾ ಸಂಸ್ಥೆ ಇದೆ, ಅದರ ವಸ್ತುಸಂಗ್ರಹಾಲಯದಲ್ಲಿ ಕಲ್ಲುಗಳಿವೆ. ಒಮ್ಮೆಯಾದರೂ ಒಳಗೆ ಕಾಲಿಟ್ಟಿದ್ದೀಯಾ? ನಿನ್ನನ್ನು ಸುಸ್ತು ಮಾಡಿರುವುದು ಪರೀಕ್ಷೆಯ ಕಾಯುವಿಕೆ. ಆ ತಪ್ಪನ್ನು ತಂದು ಓದಿದ ವಿಷಯದ ಮೇಲೆ ಹೊರಿಸುತ್ತಿದ್ದೀಯ.

ಇತಿಹಾಸದವರಿಗೆ ಕೆಎಎಸ್ ಸುಲಭ ಅಂತ ಹಾಸ್ಟೆಲಿನ ಹಿರಿಯರು ಹೇಳಿರುತ್ತಾರೆ. ಅದು ಹಳೆಯ ಲೆಕ್ಕ. ಈಗ ಕೆಎಎಸ್ ಮುಖ್ಯ ಪರೀಕ್ಷೆಯಲ್ಲಿ ಐಚ್ಛಿಕ ವಿಷಯವೇ ಇಲ್ಲ. ಯುಪಿಎಸ್‌ಸಿಯಲ್ಲಿ ಮಾತ್ರ ಐಚ್ಛಿಕ ವಿಷಯದ ಎರಡು ಪತ್ರಿಕೆಗೆ 500 ಅಂಕ ಉಳಿದಿದೆ. ಪರೀಕ್ಷೆ ಇನ್ನೂ ಬರೆಯುವ ಆಸೆಯಿದ್ದರೆ ಸಂಬಳ ದುಡಿಯುತ್ತಲೇ ಬರಿ, ಅಪ್ಪನ ದುಡ್ಡಿನಲ್ಲಿ ಇನ್ನು ಸಾಕು.

ಹಾಗಾದರೆ ಇತಿಹಾಸ ಓದಿದವರು ಏನಾಗುತ್ತಾರೆ? ನನ್ನ ಹತ್ತಿರ ಓದಿ ಹೋದವರಲ್ಲಿ ಹೈಸ್ಕೂಲು ಮೇಷ್ಟ್ರುಗಳಿದ್ದಾರೆ, ಪೊಲೀಸರಿದ್ದಾರೆ, ಹಂಪಿಯಲ್ಲಿ ಗೈಡ್ ಆದವರಿದ್ದಾರೆ. ಅತಿಥಿ ಉಪನ್ಯಾಸಕರಾಗಿ ವರ್ಷ ವರ್ಷವೂ ‘ಈ ಸಲ ಕರೀತಾರೋ ಇಲ್ವೋ’ ಅಂತ ಕಾಯುವವರೂ ಇದ್ದಾರೆ. ಅವರ ಕಷ್ಟ ನೋಡಿ ನನಗೆ ಹೊಟ್ಟೆ ಉರಿಯುತ್ತದೆ, ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಒಬ್ಬ ಬಸ್ ಕಂಡಕ್ಟರ್ ಆದ. ತನ್ನ ರೂಟಿನ ಹಳ್ಳಿಗಳಲ್ಲಿರುವ ವೀರಗಲ್ಲು, ಮಾಸ್ತಿಕಲ್ಲುಗಳನ್ನೆಲ್ಲ ರಜೆಯಲ್ಲಿ ಹೋಗಿ ಫೋಟೊ ತೆಗೆದು, ಯಾವ ಊರು, ಯಾರ ಹೊಲ ಅಂತ ಪಟ್ಟಿ ಮಾಡಿಟ್ಟಿದ್ದಾನೆ. ಅವನ ಆ ನೋಟುಬುಕ್ಕನ್ನು ನಾನು ಎಷ್ಟೋ ಪಿಎಚ್.ಡಿ. ಪ್ರಬಂಧಗಳಿಗಿಂತ ಮೇಲೆ ಇಡುತ್ತೇನೆ.

ಇನ್ನೊಬ್ಬಳು ಎಂ.ಎ. ಆದಮೇಲೆ ಮೂರು ವರ್ಷದ ಎಲ್‌ಎಲ್‌ಬಿ ಮಾಡಿ ವಕೀಲೆಯಾದಳು. ಒಂದು ಆಸ್ತಿ ದಾವೆಯಲ್ಲಿ ಎದುರು ಪಕ್ಷದವರು ಹಳೆಯ ಪತ್ರವೊಂದನ್ನು ಹಾಜರುಪಡಿಸಿದರು. ಅದರಲ್ಲಿ ಇಸವಿ 1921 ಎಂದಿತ್ತು, ಪಕ್ಕದಲ್ಲೇ ಕ್ರೋಧನ ಸಂವತ್ಸರ ಅಂತ. ಇವಳು ಬೆರಳು ಮಡಚಿ ಎಣಿಸಿದಳು. ಅರವತ್ತು ಸಂವತ್ಸರಗಳ ಸುತ್ತಿನಲ್ಲಿ ಮೊದಲನೆಯದಾದ ಪ್ರಭವ ಬಂದದ್ದು 1927ರಲ್ಲಿ; ಅಲ್ಲಿಂದ ಹಿಂದಕ್ಕೆ ಬಂದರೆ 1925 ಕ್ರೋಧನ, 1921ಕ್ಕೆ ಬರುವುದು ದುರ್ಮತಿ. ನಾಲ್ಕು ವರ್ಷ ವ್ಯತ್ಯಾಸ, ಅಂದರೆ ಪತ್ರದ ಮೇಲೇ ಅನುಮಾನ. ಹಿರಿಯ ವಕೀಲರ ಕಣ್ಣಿಗೆ ಬೀಳದಿದ್ದದ್ದು ಇವಳಿಗೆ ಕಂಡಿತು. ‘ಮೇಡಂ, ಶಾಸನದ ಕಾಲ ಲೆಕ್ಕ ಹಾಕೋದು ಹೇಳಿಕೊಟ್ಟಿದ್ರಲ್ಲ, ಅದೇ’ ಅಂತ ಫೋನು ಮಾಡಿದಾಗ ನನ್ನ ಕಣ್ಣು ತುಂಬಿತ್ತು.

ಹಾಗಾಗಿ ದಾವಣಗೆರೆಗೆ ಹೋಗು ತಮ್ಮಾ. ಟ್ರ್ಯಾಕ್ಟರ್ ಮಾರುವುದರಲ್ಲಿ ನಾಚಿಕೆಯೇನಿದೆ? ಕೆಲಸ ಹಿಡಿದರೆ ಇತಿಹಾಸ ಬಿಟ್ಟಂತಲ್ಲ. ನಿನ್ನಂಥ ಶಾಸನದ ಹುಚ್ಚಿನವನು ಸಂಬಳ ಬರುತ್ತಿರುವಾಗ ಕೆಸೆಟ್‌ಗೆ, ಅಂದರೆ ಕಾಲೇಜು ಉಪನ್ಯಾಸಕರ ಅರ್ಹತೆಯ ರಾಜ್ಯ ಪರೀಕ್ಷೆಗೆ, ಓದಬೇಕು ಅಂತ ನನ್ನ ಆಸೆ. ಅದಕ್ಕೆ ಗರಿಷ್ಠ ವಯೋಮಿತಿ ಇಲ್ಲ, 27 ಆಯಿತೆಂದು ಹೆದರಬೇಡ. ಹೈಸ್ಕೂಲು ಶಿಕ್ಷಕನಾಗಬೇಕೆಂದರೆ ಬಿ.ಎಡ್. ಬೇಕು, ಅದಕ್ಕೆ ಎರಡು ವರ್ಷ ಹಿಡಿಯುತ್ತದೆ. ಮನೆಯ ಪರಿಸ್ಥಿತಿ ನೋಡಿಕೊಂಡು ತೀರ್ಮಾನಿಸು. ಧಾರವಾಡ ಬಿಡುವ ಮೊದಲು, ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿ ಓದುವವರು ಯಾರಾದರೂ ಸಿಗುತ್ತಾರಾ ವಿಚಾರಿಸು. ಆ ಭಾಗದ ಹಳೆಯ ಕಾಗದಪತ್ರ ಎಷ್ಟೋ ಆ ಲಿಪಿಯಲ್ಲಿವೆ, ಓದುವವರು ಕಡಿಮೆಯಾಗುತ್ತಿದ್ದಾರೆ.

ದಾವಣಗೆರೆಯಿಂದ ಊರಿಗೆ ಹೋಗುವಾಗ ಹರಪನಹಳ್ಳಿಯಲ್ಲಿ ಇಳಿದು ಬಾಗಳಿಗೆ ಹೋಗಿ ಬಾ. ಕಲ್ಲೇಶ್ವರ ಗುಡಿಯ ಶಾಸನಗಳ ಮುಂದೆ ಒಂದು ಭಾನುವಾರ ಕುಳಿತರೆ ನಿನ್ನ ಅರ್ಧ ಸಂಕಟ ಇಳಿಯುತ್ತದೆ.

ನೀನು ಕಳಿಸಿದ ವೀರಗಲ್ಲಿನ ಫೋಟೊ ನೋಡಿದೆ. ಮೂರು ಪಟ್ಟಿಕೆಗಳು ಸ್ಪಷ್ಟ ಇವೆ: ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೈಮುಗಿದು ಕುಳಿತವನು. ‘ಮಗುಳ್ಚಿ’ ನೀನು ಸರಿಯಾಗಿಯೇ ಓದಿದ್ದೀಯ. ಅದರ ಮುಂದಿನ ಸಾಲಿನಲ್ಲಿ ಆ ವೀರನ ಹೆಸರಿರಬೇಕು, ಆದರೆ ಮಧ್ಯಾಹ್ನದ ನೆತ್ತಿ ಬಿಸಿಲಿನಲ್ಲಿ ತೆಗೆದಿದ್ದರಿಂದ ಅಕ್ಷರಗಳೆಲ್ಲ ಕಲ್ಲಿನಲ್ಲೇ ಇಂಗಿಹೋಗಿವೆ. ಸುಣ್ಣ, ಚಾಕ್‌ಪೀಸ್ ಏನೂ ಬಳಿಯಬೇಡ. ಅಪ್ಪನ ಜೊತೆ ಹೂ ಬಿಡಿಸಿ ಬರುವಾಗ, ಓರೆ ಬಿಸಿಲು ಕಲ್ಲಿನ ಪಕ್ಕಕ್ಕೆ ಬೀಳುವ ಹೊತ್ತಿಗೆ, ಇನ್ನೊಂದು ಫೋಟೊ ತೆಗೆದು ಕಳಿಸು.