ಅಂಟಾಲ್ಯದಿಂದ ಪೆರ್ಗೆ, ಆಸ್ಪೆಂಡೋಸ್, ಸೀದೆ: ಒಂದು ದಿನದ ಗೈಡ್ ಟೂರ್ ಸಾಕಾಗುತ್ತದೆಯೇ?

ಟರ್ಕಿಯ ದಕ್ಷಿಣ ಕರಾವಳಿಯ ಅಂಟಾಲ್ಯದ ಹತ್ತಿರವಿರುವ ಈ ಮೂರು ಪ್ರಾಚೀನ ಊರುಗಳಿಗೆ ಒಂದು ದಿನ ಸಾಕಾಗುತ್ತದೆ. ಆದರೆ ನೀವು ಹೋಗುವುದು ಜೂನ್‌ನಲ್ಲಿ, ವಯಸ್ಸಾದ ಅಪ್ಪ-ಅಮ್ಮನ ಜೊತೆ, ಅದೂ ಸಸ್ಯಾಹಾರಿಗಳು ಎಂದು ಪ್ರಶ್ನೆಯಲ್ಲಿ ಬರೆದಿದ್ದೀರಿ. ಹಾಗಾಗಿ ಟೂರ್ ಆರಿಸುವಾಗಲೇ ಸ್ವಲ್ಪ ಬಿಗಿಯಾಗಿರಿ. ಈ ಮೂರೇ ಊರು ಇರುವ ಪ್ಯಾಕೇಜ್ ತೆಗೆದುಕೊಳ್ಳಿ. ಜಲಪಾತವನ್ನೂ ಮನವ್ಗತ್ ಹೊಳೆಯ ದೋಣಿ ವಿಹಾರವನ್ನೂ ತುರುಕಿದ ಟೂರ್‌ಗಳಲ್ಲಿ ಮೊದಲು ಕತ್ತರಿ ಬೀಳುವುದು ಪೆರ್ಗೆಯ ಸಮಯಕ್ಕೆ, ನೋಡಲು ಹೆಚ್ಚು ಇರುವುದು ಅಲ್ಲೇ.

ಅಂಟಾಲ್ಯದಿಂದ ಪೂರ್ವಕ್ಕೆ ಪೆರ್ಗೆ ಸುಮಾರು 18 ಕಿ.ಮೀ., ಆಸ್ಪೆಂಡೋಸ್ 45ರ ಆಸುಪಾಸು, ಸೀದೆ 75. ಹೋಗಿಬರುವ ದಾರಿ ಹೆಚ್ಚೇನಲ್ಲ. ಸಮಯ ತಿನ್ನುವುದು ಬೆಳಿಗ್ಗೆ ಹೋಟೆಲ್‌ನಿಂದ ಹೋಟೆಲ್‌ಗೆ ಸುತ್ತಿ ಜನರನ್ನು ಹತ್ತಿಸಿಕೊಳ್ಳುವುದು ಮತ್ತು ಅಂಗಡಿ. ಅಗ್ಗದ ಟೂರ್‌ಗಳ ಲಾಭ ಇರುವುದೇ ಚರ್ಮದ ಜಾಕೆಟ್, ಚಿನ್ನದ ಮಳಿಗೆಗಳ ಕಮಿಷನ್‌ನಲ್ಲಿ. ಬುಕ್ ಮಾಡುವ ಮುನ್ನ ಬರಹದಲ್ಲೇ ಕೇಳಿ: ಅಂಗಡಿ ನಿಲುಗಡೆ ಎಷ್ಟು? ಪ್ರವೇಶ ಟಿಕೆಟ್ ಸೇರಿದೆಯೇ? ಪೆರ್ಗೆಯಲ್ಲಿ ಎಷ್ಟು ಹೊತ್ತು? ಟಿಕೆಟ್ ಮೂರು ಕಡೆಯೂ ಬೇರೆ ಬೇರೆ, ವಿದೇಶಿಯರಿಗೆ ದರವೂ ಜಾಸ್ತಿ. "ಟಿಕೆಟ್ ಹೊರತುಪಡಿಸಿ" ಎಂದಿದ್ದರೆ ಆ ಟೂರ್ ನಿಜಕ್ಕೂ ಅಗ್ಗವಲ್ಲ. ಟರ್ಕಿಯಲ್ಲಿ ಗೈಡ್‌ಗಳಿಗೆ ಪರವಾನಗಿ ಕಡ್ಡಾಯ, ಕೊರಳಲ್ಲಿ ಕಾರ್ಡ್ ನೇತಾಡುತ್ತಿರಬೇಕು. ಇಲ್ಲದಿದ್ದರೆ ಬಂದಿರುವವರು ಬರೀ ಬಸ್ಸಿನ ಜೊತೆಗಾರ ಅಂದುಕೊಳ್ಳಿ.

ಪೆರ್ಗೆಯನ್ನು ಬೆಳಿಗ್ಗೆಯೇ ಮುಗಿಸಬೇಕು. ನೆರಳೇ ಇಲ್ಲ, ಹನ್ನೊಂದರ ನಂತರ ಕಲ್ಲು ಕಾಯುತ್ತದೆ. ಕನಿಷ್ಠ ಒಂದೂವರೆ ಗಂಟೆ ಇರಲಿ. ಎರಡು ದುಂಡು ಗೋಪುರಗಳ ಬಾಗಿಲು ರೋಮನ್ನರಿಗಿಂತ ಹಳೆಯದು. ಅದರ ಹಿಂದಿನ ಅಂಗಳವನ್ನು ಕ್ರಿ.ಶ. 120ರ ಸುಮಾರಿಗೆ ಶಿಲ್ಪಗಳಿಂದ ಅಲಂಕರಿಸಿದವಳು ಪ್ಲಾಂಕಿಯಾ ಮಾಗ್ನಾ ಎಂಬ ಶ್ರೀಮಂತ ಮಹಿಳೆ. ಅಲ್ಲಿಂದ ಕಂಬಸಾಲಿನ ಬೀದಿಯಲ್ಲಿ ಕೊನೆಯವರೆಗೂ ನಡೆಯಿರಿ. ಬಹಳ ಗುಂಪುಗಳು ಅರ್ಧಕ್ಕೇ ತಿರುಗುತ್ತವೆ. ತುದಿಯಲ್ಲಿ, ಗುಡ್ಡದ ಬುಡದಲ್ಲಿ, ಮೈಚಾಚಿ ಒರಗಿದ ನದಿದೇವತೆ ಕೆಸ್ಟ್ರೋಸ್‌ನ ಪ್ರತಿಮೆ. ಅದರ ಕೆಳಗಿಂದ ಧುಮುಕಿದ ನೀರು ಬೀದಿಯ ನಡುವಿನ ಕಾಲುವೆಗೆ ಇಳಿಯುತ್ತಿತ್ತು. ಕಾಲುವೆಗೆ ಅಡ್ಡವಾಗಿ ಸಣ್ಣ ಕಲ್ಲಿನ ತಡೆಗಳಿವೆ, ನೀರು ಒಂದೊಂದನ್ನೂ ದಾಟಿ ಹಾರಿಕೊಂಡು ಹೋಗಲಿ ಎಂದು. ಪಕ್ಕದ ಹಾಸುಗಲ್ಲಿನಲ್ಲಿ ಗಾಡಿ ಚಕ್ರ ಕೊರೆದ ಗೆರೆಗಳು ಇನ್ನೂ ಇವೆ.

"ಕರಾವಳಿ ಪಟ್ಟಣ" ಅಂತ ಬ್ರೋಷರ್‌ನಲ್ಲಿ ಓದಿ ಹೋದವರಿಗೆ ಪೆರ್ಗೆ, ಆಸ್ಪೆಂಡೋಸ್ ಎರಡರಲ್ಲೂ ಸಮುದ್ರ ಕಾಣದೆ ನಿರಾಸೆಯಾಗುತ್ತದೆ. ಎರಡೂ ನದಿ ನಂಬಿದ ವ್ಯಾಪಾರದ ಊರುಗಳು. ದೋಣಿಗಳು ಕೆಸ್ಟ್ರೋಸ್, ಯೂರಿಮೆಡಾನ್ ನದಿಗಳಲ್ಲಿ ಮೇಲೆ ಬರುತ್ತಿದ್ದವು.

ಆಸ್ಪೆಂಡೋಸ್‌ನ ರಂಗಮಂದಿರ ರೋಮನ್ ಚಕ್ರವರ್ತಿ ಮಾರ್ಕಸ್ ಔರೇಲಿಯಸ್ ಕಾಲದ್ದು (161–180), ಕಟ್ಟಿದ ವಾಸ್ತುಶಿಲ್ಪಿ ಜೆನೊನ್. ಬೇರೆ ಬಹುತೇಕ ಕಡೆ ಕುಸಿದಿರುವ ವೇದಿಕೆಯ ಹಿಂಗೋಡೆ ಇಲ್ಲಿ ಪೂರ್ತಿ ಎತ್ತರಕ್ಕೆ ನಿಂತಿದೆ. 13ನೇ ಶತಮಾನದಲ್ಲಿ ಇಲ್ಲಿ ಆಳುತ್ತಿದ್ದ ತುರ್ಕಿ ಮನೆತನದ ಸೆಲ್ಜುಕರು ಇದನ್ನು ದುರಸ್ತಿ ಮಾಡಿ ಬಳಸಿದ್ದರಿಂದಲೇ ಇಷ್ಟು ಉಳಿದದ್ದು. ಅವರು ಬಳಿದ ಗಾರೆಯ ಮೇಲಿನ ಕೆಂಪು ಅಂಕುಡೊಂಕು ಪಟ್ಟೆ ಗೋಡೆಯಲ್ಲಿ ಅಲ್ಲಲ್ಲಿ ಕಾಣುತ್ತದೆ, ಗೈಡ್ ತೋರಿಸದಿದ್ದರೆ ಕೇಳಿ. ಮೆಟ್ಟಿಲುಗಳು ಕಡಿದಾಗಿವೆ, ಹಿಡಿಯಲು ಕೈಕಂಬಿ ಇಲ್ಲ. ಮಂಡಿನೋವು ಇರುವವರು ಕೆಳಗಿನ ಸಾಲಿನಲ್ಲೇ ಕೂರಲಿ, ಧ್ವನಿ ಅಲ್ಲಿಗೂ ಚೆನ್ನಾಗಿ ಕೇಳುತ್ತದೆ.

ಗುಂಪಿನ ಟೂರ್‌ಗಳು ಸಾಮಾನ್ಯವಾಗಿ ಬಿಟ್ಟುಬಿಡುವುದು ಇಲ್ಲಿನ ನೀರಿನ ಸೇತುವೆ. ರಂಗಮಂದಿರದ ಉತ್ತರಕ್ಕೆ ಬಯಲಿನಲ್ಲಿ ಎರಡು ಎತ್ತರದ ಗೋಪುರಗಳು ನಿಂತಿವೆ. ತೂತು ಕೊರೆದ ಕಲ್ಲಿನ ಕೊಳವೆಯಲ್ಲಿ ನೀರು ಕಣಿವೆಗೆ ಇಳಿದು, ಒತ್ತಡದಿಂದಲೇ ಊರಿನ ಗುಡ್ಡಕ್ಕೆ ಏರುತ್ತಿತ್ತು; ಕೊಳವೆಯ ಸಾಲು ತಿರುವು ಪಡೆಯುವ ಎರಡೂ ಕಡೆ ಈ ಗೋಪುರಗಳು. ನನ್ನ ಲೆಕ್ಕದಲ್ಲಿ ರಂಗಮಂದಿರಕ್ಕಿಂತ ಇದೇ ಜಾಣ ಕೆಲಸ. ಖಾಸಗಿ ಕಾರು ಮಾಡಿಕೊಂಡರೆ ಖಂಡಿತ ನಿಲ್ಲಿಸಿ. ಹತ್ತಿರದಲ್ಲೇ ನದಿಯ ಮೇಲೆ ಸೆಲ್ಜುಕರ ಕಲ್ಲುಸೇತುವೆ ಇದೆ. ಮುರಿದ ರೋಮನ್ ಸೇತುವೆಯ ಬುಡವನ್ನೇ ಬಳಸಿ ಕಟ್ಟಿದ್ದರಿಂದ ನಡುವೆ ಸೊಟ್ಟಗೆ ತಿರುಗಿದೆ.

ಸೀದೆ ಕೊನೆಗಿರಲಿ. ಹಳೇ ಊರಿನೊಳಗೆ ಬಸ್ ಬಿಡುವುದಿಲ್ಲ, ಬಿಸಿಲಲ್ಲಿ ಸ್ವಲ್ಪ ದೂರ ನಡಿಗೆ ಇದ್ದೇ ಇದೆ. ಆಸರೆಗೆ ದೊಡ್ಡ ಗುಡ್ಡ ಇಲ್ಲದ ಸಮತಟ್ಟು ನೆಲ, ಹಾಗಾಗಿ ಇಲ್ಲಿನ ರಂಗಮಂದಿರದ ಮೇಲಿನ ಸಾಲುಗಳನ್ನು ಕಮಾನುಗಳೇ ಹೊತ್ತಿವೆ. ಆಸ್ಪೆಂಡೋಸ್ ನೋಡಿ ಬಂದವರಿಗೆ ವ್ಯತ್ಯಾಸ ತಕ್ಷಣ ತಿಳಿಯುತ್ತದೆ. ಬಂದರಿನ ತುದಿಯ ಅಪೊಲೊ ದೇಗುಲದ ಐದು ಕಂಬಗಳು 20ನೇ ಶತಮಾನದಲ್ಲಿ ಎತ್ತಿ ನಿಲ್ಲಿಸಿದವು. ಸೂರ್ಯಾಸ್ತದ ಫೋಟೊ ಬೇಕಿದ್ದರೆ ಜೂನ್‌ನಲ್ಲಿ ರಾತ್ರಿ ಎಂಟರವರೆಗೂ ಕಾಯಬೇಕು, ಬಸ್ ಕಾಯುವುದಿಲ್ಲ.

ಊಟದ ವಿಷಯ: ಬಫೆಯಲ್ಲಿ ಅನ್ನ, ಸಲಾಡ್, ಬದನೆಕಾಯಿ ಪಲ್ಯ ಸಿಗುತ್ತದೆ. ಬೇಳೆ ಸೂಪ್ ನೋಡಿ ಮೋಸಹೋಗಬೇಡಿ, ಮಾಂಸ ಬೇಯಿಸಿದ ನೀರು ಹಾಕಿರುವುದುಂಟು; "ಎತ್ ಸುಯು ವಾರ್ ಮಿ?" ಎಂದು ಕೇಳಿ, ಮಾಂಸದ ನೀರು ಇದೆಯಾ ಅಂತ. ನಂಬಿಕೆಯ ತಿಂಡಿ ಆಲೂಗಡ್ಡೆ ಅಥವಾ ಪಾಲಕ್ ತುಂಬಿದ ಗೊಜ್ಲೆಮೆ, ಹೆಚ್ಚುಕಮ್ಮಿ ನಮ್ಮ ಪರೋಟವೇ. ಟೂರ್‌ನ ಊಟದಲ್ಲಿ ನೀರು, ಕೂಲ್‌ಡ್ರಿಂಕ್‌ಗೆ ಸಾಮಾನ್ಯವಾಗಿ ಬೇರೆ ದುಡ್ಡು, ಹಾಗಾಗಿ ತಲಾ ಎರಡು ಲೀಟರ್ ನೀರು ಹೋಟೆಲ್ ಹತ್ತಿರವೇ ಕೊಂಡು ಬಸ್ ಹತ್ತಿ. ಚಪ್ಪಲಿ ಬೇಡ, ಹಿಡಿತವಿರುವ ಶೂ ಹಾಕಿಸಿ: ನಡೆದು ನಡೆದು ನುಣುಪಾದ ಹಾಸುಗಲ್ಲು ಒಣಗಿದ್ದರೂ ಜಾರುತ್ತದೆ.